ಬೋರರ್ ಹಿಡಿದ ಗಿಡ ಎಂದು ನಾನು ಹೇಳಿದ್ದು

2018ರ ಮಾರ್ಚ್ ತಿಂಗಳು. ನಾನಾಗ ಕೊಡಗಿನ ಮೂರ್ನಾಡಿನಿಂದ ಒಳಗೆ, ದಿನಕ್ಕೆ ನಾಲ್ಕೇ ಸಲ ಬಸ್ಸು ಬರುತ್ತಿದ್ದ ಊರೊಂದರ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯಾಧಿಕಾರಿಯಾಗಿದ್ದೆ. ಸರ್ಕಾರಿ ಸೇವೆಗೆ ಸೇರಿ ಇಪ್ಪತ್ತಾರು ವರ್ಷವಾಗಿತ್ತು, ಆ ಕೇಂದ್ರಕ್ಕೆ ಬಂದು ಆರು ವರ್ಷ. ಒಬ್ಬ ಡಾಕ್ಟರು, ಇಬ್ಬರು ನರ್ಸುಗಳು, ಒಬ್ಬ ಲ್ಯಾಬ್ ಟೆಕ್ನೀಷಿಯನ್, ದಿನಾ ಬೆಳಿಗ್ಗೆ ಯಾರಾದರೂ ತಳ್ಳಿದರೆ ಮಾತ್ರ ಹೊರಡುತ್ತಿದ್ದ ಒಂದು ಜೀಪು. ಇಷ್ಟು ನಮ್ಮ ಸಂಸಾರ.

ಅಲ್ಲಿ ನನಗೊಂದು ಹೆಸರಿತ್ತು. ಅದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಮುಂದೆ ಆದ ತಪ್ಪಿಗೆ ಆ ಹೆಸರೇ ಮೂಲ. ‘ಅರ್ಥ ಆಗುವ ಹಾಗೆ ಹೇಳುವ ಡಾಕ್ಟರು’ ಎಂದು ಜನ ನನ್ನನ್ನು ಕರೆಯುತ್ತಿದ್ದರು. ಬಿಪಿ ಎಂದರೇನು ಎಂದು ಯಾರಾದರೂ ಕೇಳಿದರೆ ನಾನು ಹೃದಯ, ರಕ್ತನಾಳ ಎಂದು ಶುರು ಮಾಡುತ್ತಿರಲಿಲ್ಲ. ‘ನಿಮ್ಮ ಸ್ಪ್ರಿಂಕ್ಲರ್ ಪೈಪಿಗೆ ಪ್ರೆಶರ್ ಜಾಸ್ತಿ ಆದ್ರೆ ಜಾಯಿಂಟ್ ಎಲ್ಲಿ ಬಿಡುತ್ತೆ ಅಂತ ಗೊತ್ತಾ? ಇದೂ ಹಾಗೇ’ ಎನ್ನುತ್ತಿದ್ದೆ. ಜನ ನಗುತ್ತಿದ್ದರು, ತಲೆಯಾಡಿಸುತ್ತಿದ್ದರು, ಹೋಗಿ ನಾಲ್ಕು ಜನಕ್ಕೆ ಹೇಳುತ್ತಿದ್ದರು. ಅಮ್ಮತ್ತಿ ಕಡೆಯಿಂದಲೂ ಬಸ್ಸು ಬದಲಿಸಿಕೊಂಡು ಬರುವವರಿದ್ದರು. ಹೊಗಳಿಕೆ ಯಾರಿಗೆ ಬೇಡ? ಬರಬರುತ್ತ ನಾನು ಸ್ನಾನ ಮಾಡುವಾಗಲೂ ಹೊಸ ಹೋಲಿಕೆಗಳನ್ನು ಹೊಸೆಯತೊಡಗಿದೆ. ‘ಇವತ್ತು ಯಾವ ರೋಗಕ್ಕೆ ಯಾವ ಪೈಪು ಜೋಡಿಸಿದ್ರಿ?’ ಎಂದು ನನ್ನ ಹೆಂಡತಿ ಕಾಲೆಳೆಯುತ್ತಿದ್ದಳು.

ಆದರೆ ನಾನು ಕಾಫಿಯವನಲ್ಲ. ನಮ್ಮದು ಕುಶಾಲನಗರದ ಕಡೆ. ಅಜ್ಜ ಹಾಸನ ಜಿಲ್ಲೆಯಿಂದ ಬಂದು ಅಲ್ಲಿ ನೆಲೆನಿಂತವರು. ನಮ್ಮ ಮನೆಯಲ್ಲಿ ಬೆಳೆದದ್ದು ಭತ್ತ, ಜೋಳ, ಶುಂಠಿ. ಕಾಫಿ ತೋಟದ ಮಾತುಗಳನ್ನೆಲ್ಲ ನಾನು ಕಲಿತದ್ದು ರೋಗಿಗಳ ಬಾಯಿಂದ. ಮಾತು ಕಲಿತೆ, ಕೆಲಸ ಕಲಿಯಲಿಲ್ಲ. ಅದರಿಂದ ಯಾರಿಗಾದರೂ ಕೆಡುಕಾದೀತು ಎಂದು ಯೋಚಿಸಿದವನೇ ಅಲ್ಲ.

ಬೆಳ್ಯಪ್ಪನವರು ಆ ಮಾರ್ಚ್‌ನ ಒಂದು ಬೆಳಿಗ್ಗೆ ಹೆಂಡತಿ ಜಾನಕಮ್ಮನ ಜೊತೆ ಬಂದರು. ವಯಸ್ಸು ಐವತ್ತೇಳು. ಆರು ಎಕರೆ ಕಾಫಿ ತೋಟ, ಅರ್ಧ ಅರೇಬಿಕಾ ತಳಿ, ಅರ್ಧ ರೊಬಸ್ಟಾ. ಒಬ್ಬಳೇ ಮಗಳು ಕರಿಕೆಗೆ ಮದುವೆಯಾಗಿ ಹೋಗಿದ್ದಳು. ಮನೆಯಲ್ಲಿ ಆಡುವುದು ಕೊಡಗಿನ ಗೌಡರ ಅರೆಭಾಷೆ. ನನ್ನೊಂದಿಗೆ ಕನ್ನಡದಲ್ಲಿ ಮಾತಾಡುವಾಗಲೂ ಅವರ ‘ಇಲ್ಲ’ ಎನ್ನುವುದು ‘ಇಲ್ಲೆ’ ಆಗುತ್ತಿತ್ತು, ‘ಇದೆ’ ಎನ್ನುವುದು ‘ಉಟ್ಟು’ ಆಗುತ್ತಿತ್ತು. ತೆಳ್ಳಗಿನ, ಕಡಿಮೆ ಮಾತಿನ ಮನುಷ್ಯ. ಆ ಸುತ್ತಿನಲ್ಲಿ ಅವರಿಗೂ ಒಂದು ಹೆಸರಿತ್ತು. ಬೋರರ್ ಟ್ರೇಸಿಂಗ್‌ನಲ್ಲಿ ಅವರನ್ನು ಮೀರಿಸುವವರಿಲ್ಲ ಎನ್ನುತ್ತಿದ್ದರು. ಬೋರರ್ ಎಂದರೆ ಅರೇಬಿಕಾ ಗಿಡದ ಕಾಂಡವನ್ನು ಒಳಗಿಂದ ಕೊರೆಯುವ ಹುಳ. ಅದು ಹಿಡಿದ ಗಿಡ ಯಾವುದೆಂದು ಸಾಲು ಸಾಲಾಗಿ ನಡೆದು ಪತ್ತೆ ಮಾಡುವುದೇ ಟ್ರೇಸಿಂಗ್. ಕಾಂಡದ ಮೇಲೆ ಎದ್ದ ಸಣ್ಣ ಏಣು, ಸ್ವಲ್ಪ ಹಳದಿ ತಿರುಗಿದ ಎಲೆ, ಇಷ್ಟು ನೋಡಿ ಬೆಳ್ಯಪ್ಪ ‘ಇದರಲ್ಲಿ ಉಟ್ಟು’ ಎಂದರೆ ಇದ್ದೇ ಇರುತ್ತದಂತೆ. ದೊಡ್ಡ ಎಸ್ಟೇಟುಗಳ ಕೆಲಸ ನೋಡಿಕೊಳ್ಳುವ ರೈಟರುಗಳೂ ಅವರನ್ನು ಕರೆಸುತ್ತಿದ್ದರು. ಪತ್ತೆಯಾದ ಮೇಲೆ ಆ ಗಿಡಕ್ಕೆ ಏನು ಮಾಡುತ್ತಾರೆ ಎಂದು ಮಾತ್ರ ನಾನು ಯಾರನ್ನೂ ಕೇಳಿರಲಿಲ್ಲ.

‘ಕೆಮ್ಮು ಯಾವಾಗಿಂದ?’ ಎಂದೆ.

‘ಹುತ್ತರಿ ಕಳೆದ ಮೇಲೆ ಶುರುವಾದದ್ದು ಡಾಕ್ಟ್ರೆ. ಧೂಳಿಂದು ಅಂತ ಬಿಟ್ಟದ್ದು.’

ಹುತ್ತರಿ ಕೊಡಗಿನ ಸುಗ್ಗಿ ಹಬ್ಬ, ಆ ಸಲ ಬಂದದ್ದು ಡಿಸೆಂಬರ್ ಮೊದಲಲ್ಲಿ. ಅಂದರೆ ಮೂರು ತಿಂಗಳು. ಸಂಜೆ ಹೊತ್ತು ಸಣ್ಣ ಜ್ವರ, ಬೆವರು, ತೂಕ ನಲವತ್ತೇಳು ಕಿಲೋ. ಕಫ ಪರೀಕ್ಷೆ ಮಾಡಿಸಿದೆ, ಮಡಿಕೇರಿಗೆ ಕಳಿಸಿ ಎಕ್ಸ್‌ರೇ ತೆಗೆಸಿದೆ. ಟಿಬಿ, ಅಂದರೆ ಕ್ಷಯ. ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ ಒಂದು ಕುಳಿ ಬಿದ್ದಿತ್ತು. ಜಾನಕಮ್ಮನಿಗೂ ಪರೀಕ್ಷೆ ಮಾಡಿಸಿದೆ. ಅವರಿಗೆ ಏನೂ ಇರಲಿಲ್ಲ.

ಇದರಲ್ಲಿ ಗಾಬರಿಪಡುವಂಥದ್ದು ಏನೂ ಇರಲಿಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಟಿಬಿಗೆ ಒಳ್ಳೆಯ ಔಷಧವಿದೆ. ಮೊದಲ ಎರಡು ತಿಂಗಳು ನಾಲ್ಕು ಔಷಧ ಸೇರಿಸಿದ ಮಾತ್ರೆ, ಆಮೇಲೆ ನಾಲ್ಕು ತಿಂಗಳು ಮೂರು ಔಷಧ ಸೇರಿಸಿದ ಮಾತ್ರೆ. ಬೆಳ್ಯಪ್ಪನವರ ತೂಕಕ್ಕೆ ದಿನಕ್ಕೆ ಮೂರು. ಬಿಡದೆ ನುಂಗಿದರೆ ವಾಸಿಯಾಗುವ ಕಾಯಿಲೆ. ನಮ್ಮ ತಲೆನೋವು ಬೇರೆ. ಒಂದೆರಡು ತಿಂಗಳಿಗೆ ಕೆಮ್ಮು ನಿಂತು ಮೈ ಹಗುರಾದ ಕೂಡಲೇ ಜನ ಮಾತ್ರೆ ಬಿಟ್ಟುಬಿಡುತ್ತಾರೆ. ಒಳಗೆ ಉಳಿದ ರೋಗ ಮತ್ತೆ ಏಳುತ್ತದೆ. ಆದ್ದರಿಂದ ಮೊದಲ ದಿನವೇ ಮನಸ್ಸಿಗೆ ನಾಟುವಂತೆ ಹೇಳಬೇಕು ಎಂಬುದು ನನ್ನ ಹಟ.

ವರದಿ ಬಂದ ದಿನ ಅವರೊಬ್ಬರೇ ಒಳಗೆ ಬಂದರು. ಜಾನಕಮ್ಮ ಹೊರಗೆ ಚೀಟಿ ಕೌಂಟರಿನ ಹತ್ತಿರ ನಿಂತಿದ್ದರು. ಓಪಿಡಿ ತುಂಬ ಜನ. ನಾನು ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಆ ಗಳಿಗೆಯಲ್ಲೇ ನನಗೆ ಹೋಲಿಕೆ ಹೊಳೆಯಿತು. ಹೊಳೆದದ್ದಕ್ಕೆ ಖುಷಿಯೂ ಆಯಿತು, ಸುಳ್ಳು ಯಾಕೆ ಹೇಳಲಿ.

‘ಬೆಳ್ಯಪ್ಪನವರೇ, ನಿಮಗೆ ನಾನು ಹೇಳಿಕೊಡಬೇಕಾ? ಇದು ಬೋರರ್ ಇದ್ದ ಹಾಗೆ. ಹೊರಗಿಂದ ನೋಡಿದ್ರೆ ಗಿಡ ಹಸಿರು. ಒಳಗೆ ಹುಳ ಕೊರೀತಾ ಇರುತ್ತೆ. ನೋಡಿ, ಇಲ್ಲಿ ಕೊರೆದು ತೂತು ಮಾಡಿದೆ. ಕೆಮ್ಮು ನಿಂತಿತು ಅಂತ ನೀವು ಮಾತ್ರೆ ಬಿಟ್ರೆ ಹುಳ ಒಳಗೇ ಉಳಿಯುತ್ತೆ.’

ಅವರು ಎಕ್ಸ್‌ರೇಯನ್ನು ನನ್ನ ಕೈಯಿಂದ ತೆಗೆದುಕೊಂಡು ತಾವೇ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. ಆಮೇಲೆ ಒಂದೇ ಒಂದು ಪ್ರಶ್ನೆ ಕೇಳಿದರು.

‘ಪಕ್ಕದ ಗಿಡಕ್ಕೂ ಹೋಗ್ತದಲ್ಲ ಡಾಕ್ಟ್ರೆ?’

‘ಅದೇ ಮತ್ತೆ! ಸರಿಯಾಗಿ ಹಿಡಿದ್ರಿ ನೋಡಿ. ಅದಕ್ಕೇ ಹುಷಾರಾಗಿರಬೇಕು’ ಎಂದೆ.

ಕೆಮ್ಮುವಾಗ ಬಾಯಿಗೆ ಬಟ್ಟೆ ಹಿಡಿಯಬೇಕು, ಮೊದಲ ಕೆಲವು ವಾರ ಗಾಳಿ ಬೆಳಕಿರುವ ಕಡೆ ಬೇರೆ ಮಲಗಬೇಕು, ಮಾತ್ರೆಯಿಂದ ಮೂತ್ರ ಕೆಂಪಗೆ ಹೋಗುತ್ತದೆ, ಅದಕ್ಕೆ ಹೆದರಬಾರದು ಎಂದೆಲ್ಲ ಹೇಳಿದೆ. ಅವರು ಕೈಮುಗಿದು ಎದ್ದರು. ಅವರು ಹೋದ ಮೇಲೆ ನಾನು ನರ್ಸಿನ ಹತ್ತಿರ ‘ಇವರು ಮಾತ್ರೆ ತಪ್ಪಿಸೋ ಗಿರಾಕಿ ಅಲ್ಲ’ ಎಂದು ಬೀಗಿದ್ದು ಇವತ್ತಿಗೂ ನೆನಪಿದೆ.

ಮಾತ್ರೆ ತಲುಪಿಸುವ ಜವಾಬ್ದಾರಿ ಲೀಲಾವತಿಯದು. ಆಕೆ ಆ ಊರಿನ ಆಶಾ ಕಾರ್ಯಕರ್ತೆ, ಅಂದರೆ ನಮ್ಮ ಕೇಂದ್ರಕ್ಕೂ ಮನೆಗಳಿಗೂ ನಡುವೆ ಓಡಾಡುವ ಹೆಣ್ಣುಮಗಳು. ವಾರಕ್ಕೊಮ್ಮೆ ಮಾತ್ರೆಯ ಹೊಸ ಪಟ್ಟಿ, ಅಂದರೆ ಸ್ಟ್ರಿಪ್, ಕೊಟ್ಟು ಖಾಲಿಯಾದ ಪಟ್ಟಿ ವಾಪಸ್ ತರುತ್ತಿದ್ದಳು. ಖಾಲಿ ಪಟ್ಟಿಗಳು ಲೆಕ್ಕ ತಪ್ಪದೆ ಬರುತ್ತಿದ್ದವು. ಮೊದಲ ವಾರವೇ ಆಕೆ, ಬೆಳ್ಯಪ್ಪ ಮನೆಯಿಂದ ಹೊರಬಿದ್ದು ಕಾಫಿ ಒಣಗಿಸುವ ಕಣದ ಪಕ್ಕದ ಶೆಡ್ಡಿನಲ್ಲಿ ಮಲಗುತ್ತಿದ್ದಾರೆ ಎಂದು ತಿಳಿಸಿದಳು. ಒಳ್ಳೆಯದೇ ಆಯಿತು, ನಾನು ಹೇಳಿದ್ದನ್ನು ಎಷ್ಟು ಚೆನ್ನಾಗಿ ಪಾಲಿಸುತ್ತಾರೆ ಎಂದುಕೊಂಡೆ.

ಒಂದು ತಿಂಗಳಿಗೆ ತೂಕ ನೋಡಲು ಬಂದಾಗ ನಲವತ್ತೈದು. ಏರಬೇಕಿತ್ತು, ಇಳಿದಿತ್ತು. ಆಗಲಾದರೂ ನಾನು ಎಚ್ಚೆತ್ತುಕೊಳ್ಳಬೇಕಿತ್ತು. ‘ಮದ್ದು ಹಿಡಿಯೋಕೆ ಟೈಮ್ ಬೇಕು’ ಎಂದೆ. ಅವರು ‘ಆಯ್ತು ಡಾಕ್ಟ್ರೆ’ ಎಂದರು.

ಮುಂದಿನ ವಾರ ಲೀಲಾವತಿ ಖಾಲಿ ಪಟ್ಟಿ ಮೇಜಿನ ಮೇಲಿಟ್ಟು ಹೋಗದೆ ಅಲ್ಲೇ ನಿಂತಳು. ‘ಸರ್, ಬೆಳ್ಯಪ್ಪಣ್ಣ ಯಾಕೋ ಸರಿ ಇಲ್ಲ. ತೋಟಕ್ಕೆ ಇಳಿಯೋದಿಲ್ಲ, ಮಾತಿಲ್ಲ. ಜಾಗದ ಕಾಗದ ಎಲ್ಲ ಜಾನಕಿ ಅಕ್ಕನ ಕೈಗೆ ಕೊಟ್ಟು, ಯಾವುದು ಎಲ್ಲಿ ಅಂತ ತೋರಿಸಿದ್ರಂತೆ.’

‘ಖಾಲಿ ಪಟ್ಟಿ ಬರ್ತಾ ಇದೆ ತಾನೆ?’

‘ಬರ್ತಾ ಇದೆ.’

‘ಮತ್ತೆ?’ ಎಂದೆ.

ಆ ‘ಮತ್ತೆ’ಯಲ್ಲಿ ನನ್ನ ಇಪ್ಪತ್ತಾರು ವರ್ಷದ ಅನುಭವದ ಗತ್ತೆಲ್ಲ ಇತ್ತು. ಲೀಲಾವತಿ ಹೊಸ ಪಟ್ಟಿಗಳನ್ನು ಚೀಲಕ್ಕೆ ಹಾಕಿಕೊಂಡು ಹೋದಳು. ಎಸ್ಸೆಸ್ಸೆಲ್ಸಿ ಓದಿದ ಆ ಹೆಂಗಸಿಗೆ ಕಂಡದ್ದು ನನಗೆ ಕಂಡಿರಲಿಲ್ಲ.

ಮೇ ಮೊದಲ ವಾರ ಜಾನಕಮ್ಮ ಒಬ್ಬರೇ ಬಂದರು. ಹತ್ತು ದಿನದಿಂದ ವಾಕರಿಕೆ, ಊಟ ಸೇರುವುದಿಲ್ಲ, ಕೈಕಾಲಲ್ಲಿ ಶಕ್ತಿ ಇಲ್ಲ. ಕಣ್ಣು ನೋಡಿದೆ, ಹಳದಿಯಾಗಿತ್ತು. ಕಾಮಾಲೆ ಇರಬಹುದು ಎಂದುಕೊಂಡು ವಾಡಿಕೆಯ ಪ್ರಶ್ನೆ ಕೇಳಿದೆ.

‘ಮೂತ್ರದ ಬಣ್ಣ ಹೇಗಿದೆ?’

‘ಕೆಂಪು. ಅದು ಮಾತ್ರೆಯದ್ದಲ್ವಾ ಡಾಕ್ಟ್ರೆ, ಹೆದರ್ಬೇಡಿ ಅಂತ ನೀವೇ ಹೇಳಿದ್ದಂತೆ.’

‘ಯಾವ ಮಾತ್ರೆ?’

‘ನೀವು ಕೊಟ್ಟದ್ದೇ. ದಿನಾ ಮೂರು. ಜೊತೆಯಲ್ಲಿರುವವರಿಗೆ ಈ ಕಾಯಿಲೆ ಬಾರದ ಹಾಗೆ ಡಾಕ್ಟ್ರು ಕೊಟ್ಟಿದಾರೆ, ತಪ್ಪಿಸ್ಬೇಡ ಅಂತ ಇವರೇ ಬಿಡಿಸಿ ಕೊಡೋದು. ಇವರದ್ದು ಬೇರೆ ಉಟ್ಟಂತೆ.’

ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಏಳು ವಾರಗಳಿಂದ ಆ ಮಾತ್ರೆಗಳನ್ನೆಲ್ಲ ನುಂಗುತ್ತಿದ್ದವರು ಆರೋಗ್ಯವಾಗಿದ್ದ ಹೆಂಡತಿ. ರೋಗಿ ಒಂದನ್ನೂ ನುಂಗಿರಲಿಲ್ಲ. ಆ ಔಷಧಗಳಿಗೆ ಲಿವರನ್ನು ಕೆಡಿಸುವ ಗುಣವಿದೆ, ಅದಕ್ಕೇ ಇವರಿಗೆ ಕಾಮಾಲೆ. ಕೂಡಲೇ ಮಾತ್ರೆ ನಿಲ್ಲಿಸಿ ಎಂದೆ, ರಕ್ತ ಪರೀಕ್ಷೆಗೆ ಬರೆದುಕೊಟ್ಟೆ. ಮಧ್ಯಾಹ್ನ ಓಪಿಡಿ ಮುಗಿದದ್ದೇ ಜಾನಕಮ್ಮ ಮತ್ತು ಲೀಲಾವತಿಯನ್ನು ಜೀಪಿನಲ್ಲಿ ಕೂರಿಸಿಕೊಂಡು ಅವರ ಮನೆಗೆ ಹೊರಟೆ. ದಾರಿಯುದ್ದಕ್ಕೂ ನನಗೆ ಬೆಳ್ಯಪ್ಪನ ಮೇಲೆ ಕೆಂಡದಂಥ ಕೋಪ. ಓದಿದವರ ಮಾತು ಕೇಳದೆ ಮನೆಯವಳ ಜೀವಕ್ಕೆ ಅಪಾಯ ತಂದಿಟ್ಟನಲ್ಲ ಎಂದು.

ಶೆಡ್ಡು ಗುಡಿಸಿ ಅಚ್ಚುಕಟ್ಟಾಗಿತ್ತು. ಗೋಣಿಚೀಲಗಳ ಪಕ್ಕ ಒಂದು ಮಂಚ, ಒಂದು ತಟ್ಟೆ, ಒಂದು ಲೋಟ. ಬೆಳ್ಯಪ್ಪ ಬಾಗಿಲ ಬಳಿ ಸ್ಟೂಲಿನ ಮೇಲೆ ಕುಳಿತಿದ್ದರು. ನಮ್ಮನ್ನು ಕಂಡದ್ದೇ ಟವೆಲ್ಲನ್ನು ಬಾಯಿಗೆ ಸುತ್ತಿಕೊಂಡು, ‘ದೂರ ನಿಲ್ಲಿ ಡಾಕ್ಟ್ರೆ’ ಎಂದರು.

‘ಮಾತ್ರೆ ಯಾಕೆ ನೀವು ತಗೊಳ್ಳಲಿಲ್ಲ?’ ನನ್ನ ಧ್ವನಿ ಏರಿತ್ತು.

ಅವರು ಜಾನಕಮ್ಮನ ಕಡೆ ಒಮ್ಮೆ ನೋಡಿ, ಗುಟ್ಟು ಬಯಲಾಯಿತೆಂದು ತಿಳಿದು, ಸಮಾಧಾನವಾಗಿ ಹೇಳಿದರು. ‘ನೀವೇ ಹೇಳಿದ್ದಲ್ವಾ ಇದು ಬೋರರ್ ಅಂತ. ಹುಳ ಒಳಗೆ ಹೋದ ಮೇಲೆ ಆ ಗಿಡಕ್ಕೆ ಯಾರಾದ್ರೂ ಮದ್ದು ಹಾಕ್ತಾರಾ? ತಾಗೋದಿಲ್ಲೆ. ಸುಣ್ಣ, ಮದ್ದು ಎಲ್ಲ ಪಕ್ಕದ ಒಳ್ಳೆ ಗಿಡಕ್ಕೆ. ಹಿಡಿದ ಗಿಡವನ್ನ ಬುಡಸಮೇತ ಕಿತ್ತು ಹೊರಗೆ ತಂದು ಸುಡೋದು. ನಲ್ವತ್ತು ವರ್ಷದಿಂದ ನಾನು ಮಾಡಿದ್ದು ಅದನ್ನೇ. ಪಾಪ, ಕಾಯಿ ಉಟ್ಟು ಅಂತ ಒಂದನ್ನ ಬಿಟ್ರೆ ಮುಂದಿನ ವರ್ಷ ಇಪ್ಪತ್ತು ಹೋಗ್ತದೆ.’

ಅವರ ಮಾತಿನಲ್ಲಿ ದೂರಿರಲಿಲ್ಲ, ಅಳುವಿರಲಿಲ್ಲ. ತೋಟದ ಕೆಲಸ ವಿವರಿಸುವ ಹಾಗೆ ವಿವರಿಸಿದರು. ಅವರು ನನ್ನ ಮಾತು ಕೇಳದವರಲ್ಲ, ಅಕ್ಷರಕ್ಕೆ ಅಕ್ಷರ ಕೇಳಿದವರು. ಹಿಡಿದ ಗಿಡವನ್ನು ಸಾಲಿನಿಂದ ಹೊರಗೆ ತಂದಿದ್ದರು, ಅದು ತಾವೇ. ಮದ್ದನ್ನು ಪಕ್ಕದ ಒಳ್ಳೆಯ ಗಿಡಕ್ಕೆ ಹಾಕಿದ್ದರು, ಅದು ಹೆಂಡತಿ. ಕಾಗದಪತ್ರ ಒಪ್ಪಿಸಿ, ಈಗ ಕುಳಿತು ಕಾಯುತ್ತಿದ್ದರು. ನಾಲ್ಕು ಸಾಲಿನಲ್ಲಿ ನಾನು ಹೇಳಿದ್ದ ಒಂದು ಚಂದದ ಮಾತಿಗೆ ಆ ಮನುಷ್ಯ ಏಳು ವಾರ ಹೀಗೆ ಬದುಕಿದ್ದರು.

‘ನಾನು ತಪ್ಪು ಹೇಳಿದೆ ಬೆಳ್ಯಪ್ಪನವರೇ. ಇದು ಬೋರರ್ ಅಲ್ಲ. ಇದಕ್ಕೆ ಮದ್ದು ಇದೆ, ತಾಗುತ್ತೆ, ಪೂರ್ತಿ ವಾಸಿ ಆಗುತ್ತೆ’ ಎಂದೆ. ಮೂರು ಸಲ ಹೇಳಿದೆ.

ಅವರು ನನ್ನನ್ನೇ ಸಮಾಧಾನ ಮಾಡಿದರು. ‘ನೀವು ಬೇಜಾರು ಮಾಡ್ಬೇಡಿ ಡಾಕ್ಟ್ರೆ. ಅವತ್ತು ನೀವು ಎಕ್ಸ್‌ರೇ ನೋಡಿ ಹೇಳಿದ್ದು. ಇವತ್ತು ನನ್ನ ಮುಖ ನೋಡಿ ಹೇಳ್ತಿದ್ದೀರಿ.’

ಆ ಗಂಟನ್ನು ಬಿಡಿಸಿದವರು ಜಾನಕಮ್ಮ. ಅಷ್ಟು ಹೊತ್ತು ಅಂಗಳದಲ್ಲಿ ನಿಂತು ಕೇಳಿಸಿಕೊಂಡಿದ್ದವರು ಸೀದಾ ಶೆಡ್ಡಿನೊಳಗೆ ನುಗ್ಗಿ, ಲೀಲಾವತಿಯ ಚೀಲದಿಂದ ಪಟ್ಟಿ ಕಿತ್ತುಕೊಂಡು ಮೂರು ಮಾತ್ರೆ ಬಿಡಿಸಿದರು. ಕಣ್ಣಿನ ಹಳದಿಯಲ್ಲೂ ಕೋಪ ಕಾಣುತ್ತಿತ್ತು. ‘ನನ್ನನ್ನ ಕೇಳದೆ ನಂಗೆ ಕೊಟ್ಟದ್ದಲ್ಲ? ಈಗ ನಾನು ಕೊಡೋದು. ನೀವು ನುಂಗದ ದಿನ ನಾನು ಊಟ ಮಾಡೋದಿಲ್ಲೆ’ ಎಂದರು. ಬೆಳ್ಯಪ್ಪ ನುಂಗಿದರು. ನಂಬಿಕೆಯಿಂದ ಅಲ್ಲ, ಹೆಂಡತಿ ಉಪವಾಸ ಬೀಳುವವಳೇ ಎಂದು ಗೊತ್ತಿದ್ದರಿಂದ.

ಮತ್ತೆ ಪರೀಕ್ಷೆ ಮಾಡಿಸಿದೆವು. ತೂಕ ನಲವತ್ತೊಂದು. ಎಡ ಶ್ವಾಸಕೋಶಕ್ಕೂ ರೋಗ ಹರಡಿತ್ತು. ಔಷಧಕ್ಕೆ ಬಗ್ಗದ ಜಾತಿಯ ಟಿಬಿ ಅಲ್ಲ ಎಂಬುದೊಂದೇ ಸಮಾಧಾನ. ಮಾತ್ರೆ ನಿಲ್ಲಿಸಿದ ಮೂರು ವಾರಕ್ಕೆ ಜಾನಕಮ್ಮನ ಕಣ್ಣು ತಿಳಿಯಾಯಿತು. ಆ ವರ್ಷದ ಆಗಸ್ಟ್ ಕೊಡಗಿನವರಿಗೆ ಮರೆಯುವಂಥದ್ದಲ್ಲ. ಗುಡ್ಡ ಜರಿದು ರಸ್ತೆ ಮುಚ್ಚಿದಾಗ ಲೀಲಾವತಿ ಮಾತ್ರೆಯ ಪಟ್ಟಿಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು ನಡೆದೇ ಹೋಗಿ ಕೊಟ್ಟು ಬಂದಳು. ಒಂದು ದಿನವೂ ತಪ್ಪಲಿಲ್ಲ.

ನವೆಂಬರ್ ಎರಡನೇ ವಾರ ಆರು ತಿಂಗಳು ಮುಗಿಯಿತು. ಕಫದಲ್ಲಿ ರೋಗಾಣು ಇಲ್ಲ. ತೂಕ ನಲವತ್ತೊಂಬತ್ತು. ನಮ್ಮ ರಿಜಿಸ್ಟರಿನಲ್ಲಿ ಇಂಥವರ ಹೆಸರಿನ ಮುಂದೆ ‘ಕ್ಯೂರ್ಡ್’ ಎಂದು ಬರೆಯುತ್ತೇವೆ. ನಾನೇ ಬರೆದೆ. ವರದಿ ಹಿಡಿದುಕೊಂಡು ನಾನೇ ಅವರ ಮನೆಗೆ ಹೋದೆ. ಅವರನ್ನು ಶೆಡ್ಡಿನಿಂದ ಮನೆಯೊಳಗೆ ಕರೆದುಕೊಂಡು ಹೋಗಿ, ಜಾನಕಮ್ಮನ ಕೈಯ ಕಾಫಿ ಕುಡಿದೇ ಬರುವುದು ಎಂದು ತೀರ್ಮಾನಿಸಿದ್ದೆ.

‘ಒಂದೂ ಹುಳ ಇಲ್ಲ ಬೆಳ್ಯಪ್ಪನವರೇ. ನಿಮ್ಮಿಂದ ಇನ್ನು ಯಾರಿಗೂ ಬರೋದಿಲ್ಲ. ಏಳಿ, ಮನೆಗೆ ಹೋಗೋಣ.’

ಅವರು ವರದಿ ನೋಡಲಿಲ್ಲ, ಹೊಸ ಎಕ್ಸ್‌ರೇ ಕೇಳಿ ಪಡೆದು ಬೆಳಕಿಗೆ ಹಿಡಿದರು. ರೋಗ ವಾಸಿಯಾದರೂ ಶ್ವಾಸಕೋಶದಲ್ಲಿ ಕಲೆ ಉಳಿಯುತ್ತದೆ. ಕುಳಿಯ ಗುರುತು ಇನ್ನೂ ಇತ್ತು. ‘ಹುಳ ಹೋಗಿರ್ಬಹುದು’ ಎಂದರು. ‘ತೂತು ಉಟ್ಟಲ್ಲ?’

ಆ ತೂತನ್ನು ಮೊದಲು ಬೆರಳಿಟ್ಟು ತೋರಿಸಿದವನೇ ನಾನು. ಆಗಲೂ ಬುದ್ಧಿ ಬರಲಿಲ್ಲ ನೋಡಿ, ಇನ್ನೊಂದು ಹೋಲಿಕೆಗೆ ಕೈಹಾಕಿದೆ. ರೊಬಸ್ಟಾ ಗಿಡಕ್ಕೆ ಬೋರರ್ ಕಾಟ ಇಲ್ಲ ಎಂದು ಅಷ್ಟರಲ್ಲಿ ವಿಚಾರಿಸಿ ತಿಳಿದುಕೊಂಡಿದ್ದೆ. ‘ಈಗ ನೀವು ರೊಬಸ್ಟಾ ಆಗಿದ್ದೀರಿ ಅಂತ ತಿಳ್ಕೊಳ್ಳಿ’ ಎಂದೆ. ಅವರು ಮರ್ಯಾದೆಗೆ ನಕ್ಕರು.

‘ಅರೇಬಿಕಾ ಯಾವತ್ತಾದ್ರೂ ರೊಬಸ್ಟಾ ಆಗ್ತದಾ ಡಾಕ್ಟ್ರೆ?’

ಅವತ್ತು ಕಾಫಿಯನ್ನು ಕಣದಲ್ಲೇ ನಿಂತು ಕುಡಿದು ಬಂದೆ.

ಹತ್ತು ದಿನಕ್ಕೆ ಹುತ್ತರಿ ಬಂತು. ಹೊಸ ಭತ್ತದ ಕದಿರನ್ನು ಮನೆಯ ಯಜಮಾನ ಹೊತ್ತು ಒಳಗೆ ತರಬೇಕು, ಅದು ಅವರಲ್ಲಿ ನಡೆದುಬಂದದ್ದು. ಬೆಳ್ಯಪ್ಪ ಕದಿರನ್ನು ತಮ್ಮನ ಮಗನ ಕೈಗೆ ಕೊಟ್ಟು ತಾವು ಅಂಗಳದಲ್ಲೇ ಉಳಿದರಂತೆ. ಕರಿಕೆಯಿಂದ ಬಂದ ಮಗಳು ತನ್ನ ಮಗುವನ್ನು ಎತ್ತಿಕೊಂಡು ಹತ್ತಿರ ಹೋದರೆ ಹಿಂದೆ ಹಿಂದೆ ಸರಿದರಂತೆ. ಹೇಳಿದ್ದು ಲೀಲಾವತಿ. ಈ ಸಲ ನಾನು ‘ಮತ್ತೆ?’ ಎನ್ನಲಿಲ್ಲ.

ಆಮೇಲೆ ನಾನು ಮಾಡದ ಪ್ರಯತ್ನವಿಲ್ಲ. ಮಡಿಕೇರಿಯ ತಜ್ಞರಿಂದ ಹೇಳಿಸಿದೆ. ಟಿಬಿ ವಾಸಿಯಾಗಿ ದುಡಿದು ಉಣ್ಣುತ್ತಿದ್ದ ಇಬ್ಬರನ್ನು ಕರೆದುಕೊಂಡು ಹೋಗಿ ತೋರಿಸಿದೆ. ಎಲ್ಲರಿಗೂ ಬೆಳ್ಯಪ್ಪ ‘ಹೌದೌದು’ ಎನ್ನುತ್ತಿದ್ದರು. ತೋಟದ ಕೆಲಸಕ್ಕೆ ಇಳಿದರು, ಏರು ಹತ್ತುವಾಗ ಉಬ್ಬಸ ಬಂದರೆ ಕುಳಿತು ಮತ್ತೆ ಹತ್ತುತ್ತಿದ್ದರು. ನನ್ನ ಜೊತೆ ಮಾತು, ನಗು ಎಲ್ಲ ಇತ್ತು. ಆದರೆ ಮನೆಯ ಹೊಸ್ತಿಲು ದಾಟಲಿಲ್ಲ. ಜಾನಕಮ್ಮ ಎರಡು ಹೊತ್ತು ಊಟ ತಂದು ಶೆಡ್ಡಿನ ಜಗಲಿಯಲ್ಲಿಟ್ಟರೆ, ಅವರು ದೂರ ಹೋದ ಮೇಲೆ ಬೆಳ್ಯಪ್ಪ ಎತ್ತಿಕೊಳ್ಳುತ್ತಿದ್ದರು. 2020ರಲ್ಲಿ ಕೋವಿಡ್ ಬಂದು ಎಲ್ಲರೂ ಒಬ್ಬರಿಗೊಬ್ಬರು ಮಾರು ದೂರ ನಿಲ್ಲತೊಡಗಿದಾಗ, ‘ಈಗ ಊರೆಲ್ಲ ನನ್ನ ಹಾಗೇ ಆಯ್ತಲ್ಲ ಡಾಕ್ಟ್ರೆ’ ಎಂದು ತಮಾಷೆ ಮಾಡಿದರು. ನನಗೆ ನಗು ಬರಲಿಲ್ಲ.

ಆ ಜುಲೈನಲ್ಲಿ ಅವರಿಗೆ ನ್ಯುಮೋನಿಯಾ ಆಯಿತು. ಕೋವಿಡ್ ಇರಲಿಲ್ಲ, ಪರೀಕ್ಷೆ ಮಾಡಿಸಿದ್ದೆವು. ಬೇರೆಯವರಾದರೆ ತಡೆದುಕೊಳ್ಳುತ್ತಿದ್ದರೋ ಏನೋ. ಎರಡೂ ಕಡೆ ಕಲೆಬಿದ್ದ ಶ್ವಾಸಕೋಶ ತಡೆದುಕೊಳ್ಳಲಿಲ್ಲ. ಮಡಿಕೇರಿಗೆ ಸಾಗಿಸಿದ ಎರಡನೆಯ ದಿನ ಹೋಗಿಬಿಟ್ಟರು. ಎಡಗಡೆಯ ಆ ಕಲೆ ಮಾತ್ರೆಯಿಲ್ಲದೆ ಕಳೆದ ಏಳು ವಾರಗಳಲ್ಲಿ ಬಿದ್ದದ್ದು. ಆ ಏಳು ವಾರಕ್ಕೆ ಕಾರಣ ಯಾರು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಸೆಪ್ಟೆಂಬರಿನಲ್ಲಿ ಜಾನಕಮ್ಮ ಬಿಪಿ ಮಾತ್ರೆಗೆಂದು ಬಂದರು. ಚೀಟಿ ಬರೆದುಕೊಟ್ಟೆ. ತೆಗೆದುಕೊಂಡರೂ ಏಳಲಿಲ್ಲ.

‘ಒಂದು ಕೇಳ್ಬೇಕಿತ್ತು ಡಾಕ್ಟ್ರೆ. ಅವತ್ತು ನೀವು ಬೋರರ್ ಅಂತ ಹೇಳದೆ, ಬರೀ ಟಿಬಿ, ಆರು ತಿಂಗಳು ಮಾತ್ರೆ ತಗೊಳ್ಳಿ, ವಾಸಿ ಆಗ್ತದೆ ಅಂತ ಹೇಳಿದ್ರೆ, ಇವರು ಮನೆ ಒಳಗೇ ಇರ್ತಿದ್ರಾ?’

ತಪ್ಪಿಸಿಕೊಳ್ಳಲು ಬೇಕಾದಷ್ಟು ದಾರಿಗಳಿದ್ದವು. ಅವರ ಸ್ವಭಾವವೇ ಹಾಗೆ ಎನ್ನಬಹುದಿತ್ತು. ಹಣೆಬರಹ ಎನ್ನಬಹುದಿತ್ತು.

‘ಇರ್ತಿದ್ರು’ ಎಂದೆ.

ಅವರು ತಲೆಯಾಡಿಸಿದರು. ‘ನಂಗೂ ಹಾಗೇ ಅನ್ಸಿದ್ದು’ ಎಂದು ಹೇಳಿ, ಮುಂದಿನ ತಿಂಗಳು ಯಾವಾಗ ಬರಬೇಕು ಎಂದು ಕೇಳಿಕೊಂಡು ಹೋದರು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಬೈಯಲಿಲ್ಲ.

2023ರಲ್ಲಿ ನಾನು ನಿವೃತ್ತನಾದೆ. ಬೀಳ್ಕೊಡುಗೆಯ ದಿನ ಮಾತಾಡಿದವರೆಲ್ಲ ‘ಅರ್ಥ ಆಗುವ ಹಾಗೆ ಹೇಳುವ ಡಾಕ್ಟರು’ ಎಂದೇ ಹೊಗಳಿದರು. ತಲೆ ತಗ್ಗಿಸಿ ಕುಳಿತಿದ್ದೆ, ವಿನಯ ಎಂದುಕೊಂಡಿರಬೇಕು. ಈಗ ಕುಶಾಲನಗರದಲ್ಲಿ ಗೆಳೆಯರೊಬ್ಬರ ಕ್ಲಿನಿಕ್ಕಿನಲ್ಲಿ ವಾರಕ್ಕೆರಡು ಬೆಳಿಗ್ಗೆ ಕೂರುತ್ತೇನೆ. ಹೋಲಿಕೆ ಕೊಡುವುದೇ ತಪ್ಪು ಎಂದು ನಾನು ಹೇಳುವುದಿಲ್ಲ. ಆದರೆ ನಾವು ಒಂದು ಹೋಲಿಕೆ ಕೊಟ್ಟಾಗ ನಮಗೆ ಬೇಕಾದಷ್ಟು ಭಾಗ ಮಾತ್ರ ರೋಗಿಗೆ ತಲುಪುವುದಿಲ್ಲ. ಆ ವಿಷಯದಲ್ಲಿ ಅವನಿಗೆ ಗೊತ್ತಿರುವುದೆಲ್ಲ ಅದರ ಜೊತೆಗೇ ಹೋಗುತ್ತದೆ, ಆಮೇಲೆ ಅವನು ಅದರಂತೆ ಬದುಕುತ್ತಾನೆ. ಅದಕ್ಕೇ ಈಗ ನಾನು ಕಾಯಿಲೆಯ ಹೆಸರನ್ನು ನೇರವಾಗಿ ಹೇಳುತ್ತೇನೆ, ವಾಸಿಯಾಗುವಂಥದ್ದಾದರೆ ವಾಸಿಯಾಗುತ್ತದೆ ಎನ್ನುವುದನ್ನು ಮೊದಲು ಹೇಳುತ್ತೇನೆ. ಕೊನೆಗೆ ‘ಈಗ ಮನೆಗೆ ಹೋಗಿ ಏನು ಮಾಡ್ತೀರಿ, ನನಗೆ ಹೇಳಿ ನೋಡೋಣ’ ಎಂದು ಕೇಳುತ್ತೇನೆ. ಅವರು ಹೇಳುವುದನ್ನು ಪೂರ್ತಿ ಕೇಳಿಸಿಕೊಂಡ ಮೇಲೆಯೇ ಚೀಟಿ ಕೈಗೆ ಕೊಡುವುದು.

ಅವತ್ತು ಆ ಪ್ರಶ್ನೆ ಕೇಳಿದ್ದರೆ ಬೆಳ್ಯಪ್ಪ ಮುಚ್ಚುಮರೆ ಇಲ್ಲದೆ ಉತ್ತರ ಕೊಡುತ್ತಿದ್ದರು, ಅದು ನನಗೆ ಖಂಡಿತ ಗೊತ್ತು. ಕೇಳುವುದಕ್ಕೆ ಅರ್ಧ ನಿಮಿಷ ಸಾಕಿತ್ತು. ಹೊರಗೆ ಜನ ಕಾಯುತ್ತಿದ್ದರು, ಹೊತ್ತಾಗಿತ್ತು ಎಂದು ತುಂಬ ದಿನ ನನಗೆ ನಾನೇ ಹೇಳಿಕೊಂಡೆ. ಆದರೆ ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು ಬೋರರ್ ಕಥೆ ಹೇಳುವುದಕ್ಕೆ ನನಗೆ ಹೊತ್ತಿತ್ತು.